ಸೀಟಿನ ಕೆಳಗಿನ ಗಂಟು

ಬೈಕನ್ನೂ ಸೊಸೆಯನ್ನೂ ಒಂದೇ ಟಂಟಂ ಆಟೋದಲ್ಲಿ ಹೇರಿ ಕಳಿಸಿದ್ದರು. ಬೈಕಿನ ಅಡಿಗೆ ಬತ್ತದ ಹುಲ್ಲು ಹಾಸಿ, ನಾಲ್ಕೂ ಕಡೆ ಹಗ್ಗ ಬಿಗಿದು, ಬಣ್ಣಕ್ಕೆ ಗೀರು ಬೀಳಬಾರದೆಂದು ಹಗ್ಗದ ಕೆಳಗೆ ಗೋಣಿತಟ್ಟು ಇಟ್ಟಿದ್ದರು. ಶಿವಗಂಗಾ ಅದರ ಪಕ್ಕ ಬರೀ ತಗಡಿನ ಮೇಲೆ, ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತು ಬಂದಿದ್ದಳು. ಅವಳಿಗೆ ಹುಲ್ಲು ಹಾಸಿರಲಿಲ್ಲ. ಅದನ್ನು ನೋಡಿದಾಗಲೇ ನನಗೆ ಬಾಯಲ್ಲಿ ಕಹಿ ಬಂತು.

ಶಿವಗಂಗಾ ನನ್ನ ತಂಗಿಯ ಮಗಳು. ತಂಗಿಯ ಮನೆ ಲಿಂಗಸುಗೂರಿನಲ್ಲಿ. ಆಕೆಯ ಗಂಡ ಸೂಗಪ್ಪ ಅಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹುಡುಗಿಯನ್ನು ಹೋದ ವರ್ಷ ಸಿಂಧನೂರು ತಾಲೂಕಿನ ವಳಕಮದಿನ್ನಿಗೆ ಕೊಟ್ಟಿದ್ದೆವು. ಕಾಲುವೆ ನೀರಿನ ಹೊಲ, ಎರಡು ಬೆಳೆ ಬತ್ತ, ಒಬ್ಬನೇ ಮಗ ಸಿದ್ದಲಿಂಗೇಶ, ಮನೆಯಲ್ಲಿ ಅವನ ತಾಯಿ ದಾನೇಶ್ವರಿ ಬಿಟ್ಟರೆ ಮತ್ತ್ಯಾರೂ ಇಲ್ಲ. ಮದುವೆಯಲ್ಲಿ ಸೂಗಪ್ಪ ಅಳಿಯನಿಗೆ ಬೈಕ್ ಕೊಡಿಸಿದ್ದ. ಈಗ ಟಂಟಂನಿಂದ ಇಳಿಯುತ್ತಿದ್ದದ್ದು ಅದೇ ಬೈಕು.

ನನ್ನದು ಮಸ್ಕಿಯಲ್ಲಿ ಬ್ಯಾಟರಿ ಅಂಗಡಿ; ಅದಕ್ಕೇ ಎರಡನ್ನೂ ನನ್ನ ಬಾಗಿಲಿಗೆ ಕಳಿಸಿದ್ದರು. ನಮ್ಮೆಜಮಾನರು ಹೋದಾಗ, ಹೆಣ್ಣುಮಗಳು ಆಸಿಡ್ ಕೆಲಸ ಏನು ಮಾಡುತ್ತಾಳೆ, ಅಂಗಡಿ ಮುಚ್ಚುತ್ತಾಳೆ ಅಂದವರೆಲ್ಲ ಈಗ ತಮ್ಮ ಟ್ರ್ಯಾಕ್ಟರ್ ಬ್ಯಾಟರಿ ನನ್ನ ಹತ್ತಿರವೇ ಚಾರ್ಜಿಗೆ ಇಟ್ಟು ಹೋಗುತ್ತಾರೆ. ನನ್ನ ಸೀರೆಗಳ ಅಂಚಿನಲ್ಲೆಲ್ಲ ಆಸಿಡ್ ಸಿಡಿದ ತೂತುಗಳಿವೆ. ವಾಸನೆಗೆ ಹೇಸುವವರು ಈ ಕೆಲಸ ಮಾಡಲಿಕ್ಕಾಗದು. ಜಾಸ್ತಿ ಚಾರ್ಜಾಗಿ ಕುದ್ದ ಬ್ಯಾಟರಿಯ ಕೊಳೆತ ತತ್ತಿಯಂಥ ವಾಸನೆಯನ್ನು ಕುಡಿದೇ ನಾನು ಇಷ್ಟು ವರ್ಷ ಬದುಕಿದ್ದೇನೆ. ಆದರೂ ಆ ವಾರ ನನಗೆ ಬಂದಷ್ಟು ಹೇಸಿಗೆ ಯಾವತ್ತೂ ಬಂದಿರಲಿಲ್ಲ.

ಟಂಟಂನವನು ಬೈಕು ಇಳಿಸುವ ಮೊದಲೇ ದಾನೇಶ್ವರಿಯ ಫೋನು ಬಂತು. ಕ್ಷೇಮ ಸಮಾಚಾರ ಏನೂ ಇಲ್ಲ.

“ಗಾಡಿ ಕೊಟ್ಟೋರೂ ನೀವ, ಹುಡುಗಿ ಕೊಟ್ಟೋರೂ ನೀವ. ಎರಡೂ ಕೆಟ್ಟಾವು. ಎರಡೂ ರಿಪೇರಿ ಮಾಡಿಸಿ ಕಳಸ್ರಿ, ಬೀಗ್ತೆವ್ವ.”

ನಾನು ಫೋನು ಕೆಳಗಿಟ್ಟು ಹುಡುಗಿಗೆ ನೀರು ಕೊಟ್ಟೆ.

ಏನಾಯಿತೆಂದು ಶಿವಗಂಗಾ ಹೇಳಿದ್ದು ಚೂರು ಚೂರಾಗಿ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಸಿಂಧನೂರಿಗೆ ಹೊರಟಿದ್ದಾಗ ಕಾಲುವೆ ದಂಡೆಯ ಮೇಲೆ ಬೈಕು ನಿಂತಿತು. ಅವ ಹಿಂದಿನ ರಾತ್ರಿ ಕೀಲಿ ಬಂದ್ ಮಾಡದೆ ಮಲಗಿದ್ದ, ಬ್ಯಾಟರಿ ಇಳಿದಿತ್ತು, ಅಷ್ಟೆ. ಆದರೆ ಹಿಂದೆ ಕೂತವಳು ಹೊಸ ಸೊಸೆಯಾದ್ದರಿಂದ ಮಾತು ಅವಳ ಕಾಲ್ಗುಣಕ್ಕೆ ತಿರುಗಿತು. ಕೆಲವು ದಿನ ಸುಮ್ಮನಿದ್ದ ಬೈಕು ಮತ್ತೆ ನಿಂತಿತು. ಹೊಸ ಬ್ಯಾಟರಿ ಹಾಕಿಸಿದರು. ಅದೂ ಸತ್ತಿತು. ಇನ್ನೊಂದು, ಆಮೇಲೆ ಮೂರನೆಯದೂ ಹಾಕಿಸಿದರು. ಈಗಿನ ಗಾಡಿಗಳಿಗೆ ಕಿಕ್ ಇಲ್ಲ. ಬ್ಯಾಟರಿ ಇಳಿದರೆ ತಳ್ಳಿಯೇ ಚಾಲೂ ಮಾಡಬೇಕು. ಊರ ನಡುವೆ ಸಿದ್ದಲಿಂಗೇಶ ಬೈಕು ತಳ್ಳಿಕೊಂಡು ಹೋಗುವುದನ್ನು ಕಟ್ಟೆಯ ಮೇಲೆ ಕೂತವರು ನೋಡಿ ನಗುವುದು, ಅವನ ತಾಯಿ ಮನೆಯಲ್ಲಿ ಸೊಸೆಯ ಮುಂದೆ ಪಾತ್ರೆ ಕುಕ್ಕುವುದು ದಿನದ ಮಾತಾಯಿತು.

ಕೊನೆಗೆ ಅವಳು ಬೈಕಿನ ಹಿಂದೆ ಕೂರಬಾರದು ಅಂತಾಯಿತು. ಆಮೇಲೆ ಕೀಲಿ ಮುಟ್ಟಬಾರದು ಅಂತಾಯಿತು. ಆಮೇಲೆ ಅವ ಬೈಕು ಹೊರಗೆ ತೆಗೆಯುವಾಗ ಎದುರಿಗೆ ಬರಬಾರದು, ಅಡುಗೆಮನೆಯ ಒಳಗಿರಬೇಕು ಅಂತ.

“ನೀ ಒಳಗ ಹೋಗ್ತಿದ್ಯಾ?” ಅಂತ ಕೇಳಿದೆ.

“ಹೋಗ್ತಿದ್ದೆ ದೊಡ್ಡವ್ವ. ನಾ ಒಳಗಿದ್ದಾಗ ಒಂದೆರಡು ಸಲ ಚಾಲೂ ಆತು.” ಅವಳು ತನ್ನ ಅಂಗೈ ನೋಡಿಕೊಂಡಳು. “ನನ್ನ ಕೈಯಾಗ ಏನರ ಇರಬೇಕು.”

ನನಗೆ ಅವರ ಮಾತಿಗಿಂತ ಈ ಮಾತು ಸಂಕಟ ಮಾಡಿತು. ಡಿಗ್ರಿ ಓದಿದ ಹುಡುಗಿ. ಲಿಂಗಸುಗೂರಿನಲ್ಲಿ ಅಪ್ಪನ ಸ್ಕೂಟರ್ ತಾನೇ ಓಡಿಸಿಕೊಂಡು ಮುದಗಲ್ಲಿಗೆ ಗೆಳತಿಯರ ಮನೆಗೆ ಹೋಗಿ ಬರುತ್ತಿದ್ದವಳು. ಈಗ ನನ್ನ ಅಂಗಡಿಯ ಚಾರ್ಜರ್ ಕಡೆಗೂ ಹೋಗದೆ ದೂರ ನಿಂತಿದ್ದಳು. ಬೈಕು ರಿಪೇರಿ ಆಗುವುದು ಬಿಡುವುದು ನನಗೆ ದೊಡ್ಡದಾಗಿರಲಿಲ್ಲ. ಈ ಹುಡುಗಿ ತನ್ನ ಕೈಯಲ್ಲಿ ದೋಷವಿದೆ ಎಂದು ನಂಬಿಕೊಂಡು ಆ ಮನೆಗೆ ತಿರುಗಿ ಹೋದರೆ ಮುಂದೆ ಅಲ್ಲಿ ಹಾಲು ಒಡೆದರೂ, ಬೆಳೆಗೆ ರೋಗ ಬಿದ್ದರೂ ಇವಳೇ ತಲೆ ತಗ್ಗಿಸಬೇಕು.

ಮಧ್ಯಾಹ್ನ ಸೂಗಪ್ಪ ಲಿಂಗಸುಗೂರಿನಿಂದ ಓಡಿ ಬಂದ. ಮಗಳನ್ನು ಊಟ ಆಯಿತೇ ಎಂದು ಕೇಳಿದ, ಅವಳ ಉತ್ತರಕ್ಕೆ ನಿಲ್ಲಲಿಲ್ಲ. ಹೊಸ ಬೈಕು ಕೊಡಿಸಿಬಿಡುತ್ತೇನೆ, ಇನ್ನೂ ದೊಡ್ಡದು, ಅವರ ಬಾಯಿ ಮುಚ್ಚಿದರೆ ಸಾಕು ಎಂದ. ಶೋರೂಮಿನವನ ಹತ್ತಿರ ಮಾತಾಡಿಯೇ ಬಂದಿದ್ದ. ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಆದರೆ ಮಗಳ ಮುಂದೆಯೇ ಹೀಗೆ ಅನ್ನುವಾಗ ಅವನ ಮೇಲೂ ನನಗೆ ಹೇಸಿಗೆಯಾಯಿತು. ಬೂಸ್ಟು ಹಿಡಿದ ಬೀಜದ ಚೀಲ ವಾಪಸು ಬಂದರೆ ಬೇರೆ ಚೀಲ ಕೊಟ್ಟು ಗಿರಾಕಿಯನ್ನು ಸಮಾಧಾನ ಮಾಡುವವನ ಧಾಟಿ ಅದು.

“ಸೂಗಪ್ಪ, ಗಾಡಿಗೆ ಏನಾಗೈತಿ ಅಂತ ಮೊದಲು ನೋಡೋಣ,” ಎಂದೆ. “ಹೊಸ ಗಾಡಿ ಕೊಟ್ರ, ಹಳೇದು ನಿನ್ನ ಮಗಳಿಂದ ಕೆಟ್ಟಿತ್ತು ಅಂತ ನೀನ ಒಪ್ಪಿಕೊಂಡಂಗ ಆಕ್ಕೈತಿ.”

ಅವನಿಗೆ ಅದು ಹೊಳೆದಿರಲಿಲ್ಲ. ಮುಖ ಒರೆಸಿಕೊಂಡು, ನೋಡಕ್ಕ ಹಂಗಾದ್ರ ಎಂದು ಸಂಜೆ ಬಸ್ಸಿಗೆ ಹೋದ.

ಮೊದಲು ಬೈಕಿನ ಪಕ್ಕದ ಮುಚ್ಚಳ ತೆಗೆದು ಬ್ಯಾಟರಿ ಬಿಚ್ಚಿ ನನ್ನ ಚಾರ್ಜರಿಗೆ ಹಾಕಿ ರಾತ್ರಿಯೆಲ್ಲ ನಿಧಾನವಾಗಿ ಚಾರ್ಜು ಮಾಡಿದೆ. ಬೆಳಗ್ಗೆ ಮೀಟರ್ ಹಿಡಿದರೆ ಹನ್ನೆರಡೂವರೆ ವೋಲ್ಟಿಗಿಂತ ಮೇಲಿತ್ತು. ಚಾರ್ಜರಿನಿಂದ ತೆಗೆದು ಮಧ್ಯಾಹ್ನದವರೆಗೆ ಬಿಟ್ಟು ನೋಡಿದೆ, ಇಳಿಯಲಿಲ್ಲ. ಅಂದರೆ ಬ್ಯಾಟರಿಗೆ ಏನೂ ಆಗಿಲ್ಲ. ಬಹುಶಃ ಮೊದಲಿನ ಎರಡಕ್ಕೂ ಏನೂ ಆಗಿರಲಿಲ್ಲ. ನಮ್ಮ ಕಡೆ ಮೆಕ್ಯಾನಿಕ್‌ಗಳಿಗೆ ಇದೊಂದು ಚಟ. ಗಾಡಿ ಚಾಲೂ ಆಗಲಿಲ್ಲ, ಎತ್ತಲಿಲ್ಲ ಅಂದರೆ ಬ್ಯಾಟರಿ ಹೋಗಿದೆ ಅನ್ನುವುದು, ಹೊಸದು ಹಾಕುವುದು. ಹೊಸದು ಹಾಕಿದ ಒಂದು ವಾರ ಯಾವ ಗಾಡಿಯಾದರೂ ಚೆನ್ನಾಗಿಯೇ ಎತ್ತುತ್ತದೆ. ಗಡಿಗೆ ಖಾಲಿಯಾಯಿತೆಂದು ಗಡಿಗೆ ಬದಲಿಸಿದರೆ ಏನು ಬಂತು, ನಳದಲ್ಲಿ ನೀರು ಬರುತ್ತಿದೆಯೋ ಇಲ್ಲವೋ ನೋಡಬೇಕು.

ಬ್ಯಾಟರಿ ಮತ್ತೆ ಕೂರಿಸಿ ಬೈಕು ಚಾಲೂ ಮಾಡಿದೆ. ಒಂದೇ ಸಲಕ್ಕೆ ಎತ್ತಿತು. ಶಿವಗಂಗಾ ಆಗ ಒಳಗಿದ್ದಳು. ನಾನು ಕರೆದರೂ ಹೊರಗೆ ಬರಲಿಲ್ಲ. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಎರಡೂ ತಲೆಗೆ ಹಿಡಿದು ಎಕ್ಸಿಲೇಟರ್ ತಿರುಗಿಸಿದೆ. ಎಂಜಿನ್ ಓಡುವಾಗ ಹದಿನಾಲ್ಕರ ಹತ್ತಿರ ಏರಬೇಕು. ಏರಲಿಲ್ಲ. ಲೈಟು ಹಾಕಿದೆ, ಇದ್ದದ್ದೂ ಇಳಿಯತೊಡಗಿತು. ಗಾಡಿ ಓಡುವಾಗ ಬ್ಯಾಟರಿಗೆ ಏನೂ ಬರುತ್ತಿಲ್ಲ, ಇದ್ದದ್ದನ್ನೇ ತಿಂದು ಓಡುತ್ತಿದೆ.

ಚಾರ್ಜು ಹುಟ್ಟುವುದು ಎಂಜಿನ್ನಿನ ಮಗ್ಗುಲಿಗಿರುವ ಕಾಯಿಲಿನಲ್ಲಿ, ಅಂದರೆ ತಾಮ್ರದ ತಂತಿಯ ಸುರುಳಿಯಲ್ಲಿ. ಅಲ್ಲಿಂದ ಮೂರು ಹಳದಿ ವೈರು ಹೊರಗೆ ಬರುತ್ತವೆ. ಅವುಗಳ ಸಾಕೆಟ್ ಬಿಚ್ಚಿ, ಎರಡೆರಡಕ್ಕೆ ಮೀಟರ್ ಹಿಡಿದು ನೋಡಿದೆ. ಮೂರೂ ಜೋಡಿ ಸರಿಸಮ ತೋರಿಸಿದವು, ಎಂಜಿನ್ ಜೋರಾದಂತೆ ಜೋರಾದವು. ಗಾಡಿಯ ಲೋಹದ ಮೈಗೆ ಹಿಡಿದರೆ ಏನೂ ಇಲ್ಲ, ಎಲ್ಲೂ ಸುಟ್ಟು ಅಂಟಿಕೊಂಡಿಲ್ಲ. ಕಾಯಿಲು ಶುದ್ಧವಾಗಿತ್ತು. ಅದರ ಮುಂದೆ ರೆಗ್ಯುಲೇಟರ್; ಕಾಯಿಲಿನಿಂದ ಬಂದದ್ದನ್ನು ಬ್ಯಾಟರಿಗೆ ಹೊಂದುವಂತೆ ಹದ ಮಾಡಿ ಕಳಿಸುವ ಡಬ್ಬಿ. ಸಾಕೆಟ್ ಮತ್ತೆ ಹಾಕಿ, ರೆಗ್ಯುಲೇಟರಿನ ಬಾಯಿಗೇ ಮೀಟರ್ ಹಿಡಿದೆ. ಹದಿನಾಲ್ಕಕ್ಕೂ ಮೇಲೆ. ಅದೂ ಸರಿಯಿದೆ.

ಕೊಡುವವನು ಕೊಡುತ್ತಿದ್ದಾನೆ, ತಗೊಳ್ಳುವವನೂ ಸರಿಯಿದ್ದಾನೆ. ನಡುವೆ ಎಲ್ಲೋ ಕಳುವಾಗುತ್ತಿದೆ. ವೈರನ್ನು ಬೆರಳಲ್ಲಿ ಹಿಡಿದುಕೊಂಡು ಹೋದೆ. ಅದು ಸೀಟಿನ ಅಡಿಗೆ, ಹಿಂದಿನ ಲೈಟಿನ ಕಡೆಗೆ ಹೋಗಿತ್ತು. ಬೈಕು ಬಂದಾಗಿನಿಂದ ಅಲ್ಲಿಂದ ಒಂದು ಹಸಿ ವಾಸನೆ ಬರುತ್ತಿತ್ತು. ಬೆಕ್ಕು ಉಚ್ಚೆ ಹೊಯ್ದಿರಬೇಕೆಂದು ನಾನು ಸುಮ್ಮನಿದ್ದೆ.

ಸೀಟಿಗೆ ಕೈ ಹಾಕುವಷ್ಟರಲ್ಲಿ ಶಿವಗಂಗಾ ಬಾಗಿಲಲ್ಲಿ ಬಂದು ನಿಂತಳು.

“ಸೀಟ್ ಎತ್ತಬ್ಯಾಡ ದೊಡ್ಡವ್ವ. ನಾ ಇದ್ದಲ್ಲಿ ಎತ್ತಬಾರ್ದಂತ.”

“ಯಾರಂದ್ರು?”

“ನಮ್ಮತ್ತಿ. ಒಳಗ ದೇವರ ಗಂಟು ಐತಂತ.”

ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ದಿನಾ ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳದೆ ಅಂಗಡಿ ಬಾಗಿಲು ತೆರೆಯುವುದಿಲ್ಲ. ಅಮವಾಸ್ಯೆಗೆ ನನ್ನ ಚಾರ್ಜರಿಗೂ ಕಾಯಿ ಒಡೆಯುತ್ತೇನೆ. ಗಾಡಿಗೆ ನಿಂಬೆಹಣ್ಣು ಕಟ್ಟುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಆದರೆ ದೇವರನ್ನು ಯಾರೂ ಸೀಟಿನ ಕೆಳಗೆ ಇಡುವುದಿಲ್ಲ, ಅದರ ಮೇಲೆ ಕೂರುವುದಿಲ್ಲ. ಸೀಟು ಎತ್ತಿದೆ.

ವಾಸನೆ ಮುಖಕ್ಕೆ ಹೊಡೆಯಿತು. ನಾನು ಹಿಂದೆ ಸರಿದು ಸೆರಗು ಮೂಗಿಗೆ ಹಿಡಿದೆ. ಕೆಂಪಗಿದ್ದು ಕರ್ರಗಾದ ಒಂದು ಬಟ್ಟೆಯ ಗಂಟನ್ನು ವೈರುಗಳ ಗೊಂಚಲಿಗೇ ಬಿಗಿದು ಕಟ್ಟಿದ್ದರು. ಅದು ಹಸಿಯಾಗಿತ್ತು. ಅದರಿಂದ ಇಳಿದ ರಸ ತಗಡಿನ ಮೇಲೆ ಅಂಟಂಟಾಗಿ ಒಣಗಿ, ಮತ್ತೆ ನೆನೆದು, ಮತ್ತೆ ಒಣಗಿ ಬೆಲ್ಲದ ಪಾಕದಂತೆ ದಪ್ಪ ಪೊರೆಯಾಗಿತ್ತು. ಆ ಪೊರೆಯಲ್ಲಿ ಇರುವೆಗಳು, ಎರಡು ಜಿರಳೆ ಸತ್ತು ಅಂಟಿದ್ದವು. ಗಂಟಿನ ಅಡಿಗೇ ರೆಗ್ಯುಲೇಟರಿನಿಂದ ಬ್ಯಾಟರಿಗೆ ಹೋಗುವ ವೈರಿನ ಸಾಕೆಟ್ ಇತ್ತು. ಅದರ ಸುತ್ತ ನೀಲಿ ಹಸಿರು ಪುಡಿ ಹುಣ್ಣಿನ ಹಾಗೆ ಉಕ್ಕಿತ್ತು.

“ಇದರ ಮ್ಯಾಲ ಏನ್ ಹಾಕ್ತಿದ್ರು?”

“ಅಮವಾಸ್ಯೆಗೊಮ್ಮೆ ಕಾಯಿ ಒಡೆದ ನೀರು. ಆಮ್ಯಾಲ ಗೋಮೂತ್ರ. ಗಾಡಿ ನಿಂತಾಗೆಲ್ಲ ಮತ್ತೊಂದು ಸಲ.”

ಹೀಗಿತ್ತು ಸಂಗತಿ. ಗಾಡಿ ನಿಂತರೆ ಗೋಮೂತ್ರ ಹೊಯ್ಯುವುದು. ಅದು ಇಳಿದು ಸಾಕೆಟ್ಟಿನೊಳಗೆ ಹೋಗಿ ಹಿತ್ತಾಳೆ ಪಿನ್ನು ತಿನ್ನುವುದು. ಪಿನ್ನು ತಿಂದ ಮೇಲೆ ಚಾರ್ಜು ನಿಲ್ಲುವುದು, ಗಾಡಿ ಮತ್ತೆ ನಿಲ್ಲುವುದು. ಮತ್ತೆ ಗೋಮೂತ್ರ. ಆಕಳ ಗಂಜಳ ಗದ್ದೆಗೆ ಬಿದ್ದರೆ ಗೊಬ್ಬರ. ವೈರಿಗೆ ಬಿದ್ದರೆ ವಿಷ. ಅದನ್ನು ಅಷ್ಟು ಭಕ್ತಿಯಿಂದ, ಅಷ್ಟು ತಪ್ಪದೆ, ಒಂದು ವರ್ಷ ಹೊಯ್ದಿದ್ದರು.

ಕೈಗವಸು ಹಾಕಿಕೊಳ್ಳಬೇಕಿತ್ತು, ಸಿಟ್ಟಿನಲ್ಲಿ ನೆನಪಾಗಲಿಲ್ಲ. ಗಂಟನ್ನು ಕತ್ತರಿಸಿ ಹಳೆ ಬ್ಯಾಟರಿಯ ಪ್ಲಾಸ್ಟಿಕ್ ಟ್ರೇಯಲ್ಲಿ ಹಾಕಿದೆ. ಹಾಕುವಾಗಲೇ ಬಟ್ಟೆ ಹರಿದು ಬಿಚ್ಚಿಕೊಂಡಿತು. ಮೆತ್ತಗಾಗಿ ಕೊಳೆತ ನಿಂಬೆಹಣ್ಣು, ಗಟ್ಟಿಯಾದ ಬೂದಿಯ ಉಂಡೆ. ಅದರೊಳಗೆ ಸುರುಳಿ ಸುತ್ತಿದ ಕೂದಲು. ಕೂದಲಿಗೆ ಸುತ್ತಿದ ಒಂದು ತುಂಡು ಹಸಿರು ರೇಷ್ಮೆ.

ಶಿವಗಂಗಾ ಹತ್ತಿರ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ನನ್ನ ಧಾರೆ ಕುಬುಸದ ತೋಳು,” ಎಂದಳು. “ಇಲಿ ಕಡದೈತಿ ಅಂದಿದ್ರು.”

ಕೂದಲೂ ಅವಳದೇ. ಬಾಚಣಿಕೆಯಿಂದ ದಿನಾ ಬಿಡಿಸಿ ಹಿತ್ತಲಲ್ಲಿ ಬಿಸಾಡಿದ್ದನ್ನು ಯಾರೋ ಆರಿಸಿಕೊಂಡಿದ್ದರು. ಅವಳ ಮೇಲೆಯೇ ಒಂದು ವರ್ಷ ಅದನ್ನೆಲ್ಲ ಹೊಯ್ದಂತಾಗಿತ್ತು. ನಾನು ಹೊರಗೆ ಹೋಗಿ ಚರಂಡಿಯ ಹತ್ತಿರ ಉಗುಳಿ ಬಂದೆ.

ಆಗ ನನಗೆ ಒಂದು ಯೋಚನೆ ಬಂತು. ಮೂರು ಬ್ಯಾಟರಿ ಹಾಕಿದ ಮೆಕ್ಯಾನಿಕ್‌ಗೆ ಇದು ಕಾಣಲಿಲ್ಲವೇ? ವಾಸನೆಯಾದರೂ ಬಂದಿರಬೇಕಲ್ಲ. ಸಿಂಧನೂರಿನ ದಾವಲ್‌ಸಾಬನೇ ಹಾಕಿದ್ದೆಂದು ಶಿವಗಂಗಾ ಹೇಳಿದ್ದಳು. ಅವ ನನಗೆ ಗೊತ್ತು. ಬಹಳ ವರ್ಷದಿಂದ ನನಗೇ ಹಳೆ ಬ್ಯಾಟರಿ ಮಾರುತ್ತಾನೆ. ನನ್ನ ಕೈ ಹೇಸಿಗೆಯಾಗಿದ್ದರಿಂದ ಶಿವಗಂಗಾಳಿಗೆ ನಂಬರು ಹಚ್ಚಿ ಸ್ಪೀಕರಿಗೆ ಹಾಕು ಎಂದೆ. ಅವಳು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದುಕೊಂಡು ನಿಂತಳು.

ವಳಕಮದಿನ್ನಿ ಸಿದ್ದಲಿಂಗೇಶನ ಗಾಡಿ ಅಂದ ಕೂಡಲೇ ದಾವಲ್‌ಸಾಬ ತಾನೇ ಕೇಳಿದ.

“ಅಕ್ಕಾ, ಆ ಗಂಟು ನೋಡಿದ್ರೇನು?”

“ನೋಡಿದೆ. ನೀ ನೋಡಿರಲಿಲ್ಲೇನು?”

“ನೋಡದ ಏನು. ಎರಡನೇ ಬ್ಯಾಟ್ರಿ ಹಾಕೋವಾಗ್ನ ಅವಗ ಹೇಳೀನಿ ನಾನು. ಇದು ವೈರ್ ತಿನ್ನಾಕತ್ತೈತಿ, ತಗೀರಿ ಅಂತ. ನಾ ದಾವಲ್‌ಸಾಬ ನಿಮ್ಮ ದೇವರ ಗಂಟಿಗೆ ಕತ್ತರಿ ಹಾಕಿದ್ರ ನಾಳೆ ಊರಾಗ ಏನ್ ಮಾತಾಕ್ಕೈತಿ ನಿಮಗ ಗೊತ್ತಿಲ್ಲೇನಕ್ಕ. ನಿಮ್ಮ ಕೈಲೇ ತಗೀರಿ, ನಾ ಸಾಕೆಟ್ ಹೊಸದು ಹಾಕಿ ಕೊಡ್ತೀನಿ ಅಂದೆ.”

“ಅವ ಏನಂದ?”

“ಬ್ಯಾಟ್ರಿ ಅಷ್ಟ ಹಾಕು ದಾವಲ್, ಇದು ನಮ್ಮವ್ವನ ಕಿವಿಗೆ ಬೀಳೋದು ಬ್ಯಾಡ ಅಂದ. ಮೂರನೇ ಸಲಾನೂ ಅದ ಅಂದ.”

ಅವನ ಭಯ ನನಗೆ ಅರ್ಥವಾಯಿತು. ಆದರೂ, ಮೂರನೇ ಬ್ಯಾಟರಿ ಹಾಕುವಾಗ ನಿನ್ನ ಕೈ ಹೇಗೆ ಬಂತಪ್ಪ ಎಂದು ಕೇಳಿಯೇಬಿಟ್ಟೆ. ತಪ್ಪಾಯ್ತಕ್ಕ, ಗಿರಾಕಿ ಹಾಕಂದ್ರ ಹಾಕೀನಿ ಎಂದ. ಅಲ್ಲಿ ಒಬ್ಬ ಹುಡುಗಿಯನ್ನು ಇದೇ ಕಾರಣಕ್ಕೆ ಅಡುಗೆಮನೆಯಲ್ಲಿ ಕೂಡಿಹಾಕುತ್ತಿದ್ದರೆಂಬುದು ಅವನಿಗೆ ಗೊತ್ತಿರಲಿಲ್ಲ. ಸಿದ್ದಲಿಂಗೇಶನಿಗೆ ಗೊತ್ತಿತ್ತು.

ಶಿವಗಂಗಾ ಫೋನು ಆರಿಸಿ ಒಳಗಿಟ್ಟಳು. ನಾನು ಅವಳು ಅಳುತ್ತಾಳೆಂದುಕೊಂಡೆ. ಅವಳು ಸೋಡಾಪುಡಿ ಕಲಸಿದ ಬಿಸಿನೀರಿನ ಪಾತ್ರೆ ತಂದು ನನ್ನ ಕೈ ಮೇಲೆ ಹೊಯ್ದಳು. ಆಮೇಲೆ, ಸಾಕೆಟ್ಟು ಹ್ಯಾಂಗ ಬದಲಿ ಮಾಡ್ತಾರ ತೋರ್ಸು ಎಂದಳು.

ಕೊಳೆತ ಸಾಕೆಟ್ ಬಿಚ್ಚಿದರೆ ಒಳಗಿನ ಪಿನ್ನು ಸುಟ್ಟ ಕಡ್ಡಿಯ ಹಾಗೆ ಕೈಯಲ್ಲೇ ಮುರಿಯಿತು. ವೈರನ್ನು ಹಸಿರು ಹತ್ತಿದಷ್ಟೂ ಉದ್ದ ಕತ್ತರಿಸಿದೆ. ಒಳಗೆ ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಬೇಕು, ಇಲ್ಲವಾದರೆ ರೋಗ ಒಳಗೇ ಉಳಿಯುತ್ತದೆ. ತಗಡಿನ ಮೇಲಿನ ಪೊರೆಯನ್ನು ಕೆರೆದು, ಸೋಡಾನೀರಿನಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿದೆ. ಹೊಸ ಸಾಕೆಟ್ಟಿಗೆ ಬೆಸುಗೆ ಹಾಕುವಾಗ ವೈರು ಹಿಡಿಯಲಿಕ್ಕೆ ಶಿವಗಂಗಾಳನ್ನು ಕರೆದೆ. ಅವಳು ಒಂದು ಗಳಿಗೆ ನಿಂತು, ಆಮೇಲೆ ಹಿಡಿದಳು. ಮತ್ತೆ ಚಾಲೂ ಮಾಡಿ ಬ್ಯಾಟರಿಗೆ ಮೀಟರ್ ಇಟ್ಟಾಗ ಹದಿನಾಲ್ಕು ದಾಟಿತು. ಲೈಟು ಹಾಕಿದರೂ ಅಲ್ಲೇ ನಿಂತಿತು. ಚಾಲೂ ಮಾಡಿದವಳು ನಾನು; ಕೀಲಿ ಕೊಟ್ಟರೂ ಅವಳು ತಗೊಂಡಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅವಳನ್ನು ಏನು ಮಾಡುತ್ತೀ ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಒಂದು ಸಂಸಾರ ಒಡೆಯುವ ಮಾತನ್ನು ಮೂರನೆಯವರು ಮೊದಲು ಆಡಬಾರದು. ಅವನೇ ಬಂದು, ತಪ್ಪು ನನ್ನದು, ಅವ್ವನಿಗೆ ಹೆದರಿ ಸುಮ್ಮನಿದ್ದೆ ಎಂದು ಒಂದು ಮಾತು ಹೇಳಿದರೆ ಇವಳು ಹೋಗಬಹುದು, ಹೋದರೆ ನಾನೂ ಬೇಡ ಅನ್ನುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹೆದರುವ ಗಂಡಸರನ್ನು ನಾನು ಬಹಳ ನೋಡಿದ್ದೇನೆ. ಹೆದರಿಕೆಗೆ ಮದ್ದಿದೆ.

ಗಾಡಿ ಸರಿಯಾಗಿದೆ, ಬಂದು ನೋಡಿ ಎಂದು ವಳಕಮದಿನ್ನಿಗೆ ಫೋನು ಮಾಡಿದೆ. ತಾಯಿ ಮಗ ಇಬ್ಬರೂ ಬೆಳಗಿನ ಬಸ್ಸಿಗೆ ಬಂದರು. ಸಿದ್ದಲಿಂಗೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕಣ್ಣಿಗೆ ಕಪ್ಪು ಕನ್ನಡಕ ಇಟ್ಟುಕೊಂಡು ಮೊದಲು ಬೈಕಿನ ಕಡೆಗೇ ಹೋದ. ಟ್ಯಾಂಕಿನ ಮೇಲೆ ಗೀರು ಬಿದ್ದಿದೆಯೇ ಎಂದು ಕೈಯಾಡಿಸಿದ. ಹೆಂಡತಿ ಬಾಗಿಲಲ್ಲಿ ನಿಂತದ್ದು ಆಮೇಲೆ ಕಂಡಿತು. ಚೆನ್ನಾಗಿದ್ದೀಯಾ ಎಂಬಂತೆ ಗದ್ದ ಎತ್ತಿದ. ದಾನೇಶ್ವರಿ ಮಾತ್ರ ಸೊಸೆಯನ್ನು ನೋಡದೆ ಕುರ್ಚಿಯಲ್ಲಿ ಕೂತಳು. ಅಮವಾಸ್ಯೆಯ ಉಪವಾಸಗಳಿಂದ ಆಕೆಯ ಮುಖ ಬಾಡಿತ್ತು.

ನಾನು ಚಹಾ ಕೊಟ್ಟೆ. ಕುಡಿದಾದ ಮೇಲೆ ಪ್ಲಾಸ್ಟಿಕ್ ಟ್ರೇ ತಂದು ಅವರ ಮುಂದಿಟ್ಟೆ. ಯಾವ ವೈರು, ಅದರ ಮೇಲೆ ಏನು ಇಳಿಯಿತು, ಸಾಕೆಟ್ ಹೇಗಾಗಿದೆ ಎಂದು ಒಂದೊಂದಾಗಿ ಹೇಳಿದೆ. ಮುರಿದ ಪಿನ್ನನ್ನು ದಾನೇಶ್ವರಿಯ ಅಂಗೈಯಲ್ಲಿಟ್ಟೆ. ಆಕೆ ಪಿನ್ನನ್ನು ನೋಡಲಿಲ್ಲ, ಬಿಚ್ಚಿದ ಗಂಟನ್ನು ನೋಡಿದಳು.

“ಇದನ್ನ ಯಾರ್ ಬಿಚ್ಚಿದ್ರು?”

ನಾನು ಎಂದೆ. ಬಿಚ್ಚಬಾರದಿತ್ತು ಎಂದಳು ದಾನೇಶ್ವರಿ; ಇದನ್ನು ಮಂತ್ರಿಸಿ ಕಟ್ಟಿಕೊಟ್ಟವರು ಗೋಮೂತ್ರ ತಪ್ಪಿಸಬೇಡಿ, ತಪ್ಪಿಸಿದರೆ ಮಗನ ಜೀವಕ್ಕೆ ಕುತ್ತು ಎಂದಿದ್ದರಂತೆ. ಅದಕ್ಕೇ ಆಕೆ ಮಗ ಬೈಕು ಹತ್ತಿದ ದಿನವೆಲ್ಲ ನೀರು ಸಹ ಕುಡಿಯುತ್ತಿರಲಿಲ್ಲವಂತೆ. ಆಕೆ ಹೇಳುವುದನ್ನು ಕೇಳುತ್ತ ನನಗೆ ಒಂದು ಗೊತ್ತಾಯಿತು. ಈಕೆ ಮಾಡಿದ್ದು ಹೇಸಿಗೆ ಕೆಲಸ, ಆದರೆ ಈಕೆ ನಂಬಿ ಮಾಡಿದ್ದಳು. ನಿಜವಾಗಿ ಹೆದರಿದ್ದಳು.

ನಾನು ಅಳಿಯನ ಕಡೆ ತಿರುಗಿದೆ.

“ಅಲ್ರಿ ಅಳಿಯಂದಿರ, ಮೂರು ಸಲ ಬ್ಯಾಟ್ರಿ ಹಾಕಿದ ಮೆಕ್ಯಾನಿಕ್ ಇದರ ಬಗ್ಗೆ ನಿಮಗ ಏನೂ ಹೇಳ್ಲಿಲ್ಲೇನು?”

ಅವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದ. ನಾನು ಕಾದೆ. ಶಿವಗಂಗಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆ ಗಳಿಗೆಯಲ್ಲಿ ಅವನ ಸಂಸಾರ ಅವನ ಬಾಯಲ್ಲೇ ಇತ್ತು. ಅವನಿಗೆ ಅದು ತಿಳಿಯಲಿಲ್ಲ.

“ಇಲ್ರಿ ಅತ್ತೆರ,” ಎಂದ. “ಬ್ಯಾಟ್ರಿ ಲೋ ಐತಿ ಅಂದ, ಅಷ್ಟ. ಅವರಿಗೇನು, ಮಾರಿದ್ರ ಸಾಕು.”

ಎಷ್ಟು ಸಲೀಸಾಗಿ ಹೇಳಿದ ಅಂದರೆ, ಕೇಳಿದ ನನಗೇ ಅರೆಗಳಿಗೆ ನಿಜ ಅನ್ನಿಸಿತು. ಹೇಳಿ ಕನ್ನಡಕ ಮತ್ತೆ ಹಾಕಿಕೊಂಡ. ಟ್ರೇಯಲ್ಲಿದ್ದದ್ದರ ವಾಸನೆ ಆ ಸುಳ್ಳಿಗಿಂತ ಎಷ್ಟೋ ಮೇಲಾಗಿತ್ತು.

ಶಿವಗಂಗಾ ಚೌಕಟ್ಟು ಬಿಟ್ಟು ಮುಂದೆ ಬಂದಳು.

“ದಾವಲ್‌ಸಾಬ ನಿಮಗ ಎರಡು ಸಲ ಹೇಳ್ಯಾನ. ಅವ ಹೇಳೋವಾಗ ಫೋನ್ ಹಿಡ್ಕೊಂಡಿದ್ದಾಕಿ ನಾನ.”

ಸಿದ್ದಲಿಂಗೇಶ ತಾಯಿಯ ಕಡೆ ನೋಡಿದ. ದಾನೇಶ್ವರಿ ಅಂಗೈಯಲ್ಲಿ ಪಿನ್ನು ಹಿಡಿದುಕೊಂಡೇ ಎದ್ದು ನಿಂತಿದ್ದಳು.

“ನಿನಗ ಗೊತ್ತಿತ್ತೇನೋ?”

“ನಿನಗ ಬ್ಯಾಸರಾಗ್ತಿತ್ತಬೇ, ಅದಕ್ಕ...”

“ನಾ ನೀರು ಬಿಟ್ಟು ಕುಂತಿರ್ತಿದ್ದೆ ಮನ್ಯಾಗ.”

ಅವ ನನ್ನ ಕಡೆ ತಿರುಗಿ, ಆದದ್ದು ಆಗಿಹೋಯಿತು, ಈಗ ಗಾಡಿ ಸರಿಯಾಯಿತಲ್ಲ, ಮನೆಗೆ ಹೋಗಿ ಮಾತಾಡಿಕೊಳ್ಳುತ್ತೇವೆ, ಊರಲ್ಲಿ ಮಾತ್ರ ಕಂಪನಿ ವೈರಿಂಗೇ ಖರಾಬಿತ್ತು ಅಂತ ಹೇಳೋಣ, ಎಲ್ಲರ ಮರ್ಯಾದಿ ಉಳಿಯುತ್ತದೆ ಎಂದ. ಹೆಂಡತಿಗೆ, ಚೀಲ ತಗೊಂಡು ಬಾ ಎಂದ. ಅವನ ಲೆಕ್ಕದಲ್ಲಿ ಎಲ್ಲರ ಮರ್ಯಾದೆಯೂ ಇತ್ತು, ವರ್ಷವಿಡೀ ಅಡುಗೆಮನೆಯ ಕತ್ತಲಲ್ಲಿ ಕೂತವಳದು ಬಿಟ್ಟು.

ಶಿವಗಂಗಾ ಒಳಗೆ ಹೋದಳು. ಚೀಲಕ್ಕೆ ಹೋದಳೆಂದು ಅವನೂ ಅಂದುಕೊಂಡ, ನಾನೂ ಅಂದುಕೊಂಡೆ. ಅವಳು ಮೊಳೆಗೆ ತೂಗುಹಾಕಿದ್ದ ಬೈಕಿನ ಕೀಲಿ ತಗೊಂಡು ಬಂದಳು. ನಮ್ಮ ಮೂವರ ನಡುವೆ ಹಾದು ಹೊರಗೆ ಹೋಗಿ, ಸೀರೆ ನೆರಿಗೆ ಎತ್ತಿ ಹಿಡಿದು, ಬೈಕಿನ ಮೇಲೆ ಕೂತಳು. ಕೀಲಿ ತಿರುಗಿಸಿದಳು. ದಾನೇಶ್ವರಿ ಅಭ್ಯಾಸಬಲದಿಂದ ಬೇಡ ಎಂಬಂತೆ ಕೈ ಎತ್ತಿದಳು. ಬಟನ್ ಒತ್ತಿದ ಕೂಡಲೇ ಬೈಕು ಎತ್ತಿತು. ಅವಳು ಆರಿಸಿದಳು, ಮತ್ತೆ ಒತ್ತಿದಳು. ಮತ್ತೆ ಎತ್ತಿತು. ಇನ್ನೊಮ್ಮೆ ಮಾಡಿದಳು. ಎದುರಿನ ಹೋಟೆಲಿನಲ್ಲಿ ಮಂಡಾಳು ವಗ್ಗರಣಿ ತಿನ್ನುತ್ತಿದ್ದವರು ಇದೇನೆಂದು ತಿರುಗಿ ನೋಡಿದರು.

ಅವಳು ಇಳಿದು, ಎಂಜಿನ್ ಓಡುತ್ತಿರುವಂತೆಯೇ ಬಿಟ್ಟು, ಗಂಡನ ಹತ್ತಿರ ಬಂದಳು.

“ಗಾಡಿ ರಿಪೇರಿ ಆಗೈತಿ, ಒಯ್ರಿ. ನನಗೇನೂ ಕೆಟ್ಟಿರ್ಲಿಲ್ಲ.”

ಅವ ನಕ್ಕು ಮಾತು ಹಗುರ ಮಾಡಲು ನೋಡಿದ, ಆಗಲಿಲ್ಲ. ಸೂಗಪ್ಪನ ಹೆಸರು ಹೇಳಿ ಹೆದರಿಸಿದ, ಆಮೇಲೆ ಅವನ ಹೆಸರು ಹೇಳಿಯೇ ಬೇಡಿಕೊಂಡ. ಅವಳು ಚಾರ್ಜರಿನ ಹತ್ತಿರ ಹೋಗಿ ನಿಂತವಳು ತಿರುಗಲಿಲ್ಲ. ಕೊನೆಗೆ ಅವ ಬೈಕು ಹತ್ತಿ, ಬಾರಬೇ ಎಂದು ತಾಯಿಯನ್ನು ಕರೆದ. ದಾನೇಶ್ವರಿ ಬರಲಿಲ್ಲ. ಪಿನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಯಾರ ಜೊತೆಯೂ ಮಾತಾಡದೆ, ಬಸ್‌ ಸ್ಟ್ಯಾಂಡಿನ ಕಡೆ ನಡೆದುಹೋದಳು. ಅವ ಸ್ವಲ್ಪ ದೂರ ಆಕೆಯ ಪಕ್ಕಪಕ್ಕ ನಿಧಾನವಾಗಿ ಬೈಕು ಓಡಿಸಿ, ಆಮೇಲೆ ಮುಂದೆ ಹೋದ.

ಬೈಕು ಒಯ್ಯಲು ಬಿಟ್ಟದ್ದಕ್ಕೆ ನಾನು ಅವಳಿಗೆ ಸ್ವಲ್ಪ ಬೈದೆ. ನಿಮ್ಮಪ್ಪ ಕೊಟ್ಟ ಗಾಡಿ, ನಾವು ರಿಪೇರಿ ಮಾಡಿದ್ದು, ಇಲ್ಲೇ ಇಟ್ಟುಕೊಂಡಿದ್ದರೆ ಅವನ ಬುದ್ಧಿಯಾದರೂ ನೆಟ್ಟಗಾಗುತ್ತಿತ್ತು ಎಂದೆ. ಅದರ ಮ್ಯಾಲ ಕುಂತ್ರ ವಾಂತಿ ಬರ್ತೈತಿ ದೊಡ್ಡವ್ವ ಎಂದಳು.

ಸೂಗಪ್ಪನಿಗೆ ನಾನೇ ಫೋನು ಮಾಡಿದೆ. ಮಾತು ಮುಗಿಯುವಷ್ಟರಲ್ಲಿ ಅವ ಎರಡು ಸಲ ಅಯ್ಯೋ ಅಂದ. ಆಮೇಲೆ, ದೊಡ್ಡ ಬೈಕು ತಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದ. ನಾಳೆ ಬಾ, ಮಗಳ ಪಕ್ಕ ಕೂತು ಊಟ ಮಾಡು, ಬಾಯಿ ಮಾತ್ರ ಊಟಕ್ಕಷ್ಟೇ ತೆಗಿ ಎಂದು ಫೋನು ಇಟ್ಟೆ.

ಟ್ರೇ ಅಲ್ಲೇ ಇತ್ತು. ಶಿವಗಂಗಾ ಇಕ್ಕಳದಿಂದ ಹಸಿರು ರೇಷ್ಮೆಯ ತುಂಡನ್ನು ಎತ್ತಿ ನೋಡಿ ಮತ್ತೆ ಅದರಲ್ಲೇ ಹಾಕಿದಳು. ಇಡೀ ಟ್ರೇಯನ್ನು ಪುರಸಭೆಯ ಕಸದ ಗಾಡಿಗೆ ಕೊಟ್ಟು ಬಂದಳು. ಗಾಡಿಯವನು ಮೂಗು ಮುಚ್ಚಿಕೊಂಡು, ಏನವ್ವ ಇದು, ಸತ್ತ ಹೆಗ್ಗಣ ಏನು ಎಂದನಂತೆ. ಹೌದು ಎಂದಳಂತೆ.

ನಾನು ಸೋಡಾಪುಡಿಯಿಂದ ಕೈ ತೊಳೆದೆ, ನಿಂಬೆಹಣ್ಣು ಹಚ್ಚಿ ತೊಳೆದೆ, ಸೋಪು ಹಚ್ಚಿ ತೊಳೆದೆ. ಊಟ ಸೇರಲಿಲ್ಲ. ಸಂಜೆ ಹಟ್ಟಿಯ ಗಣಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, ಪಾಳಿಗೆ ಹೊತ್ತಾಯಿತೆಂದು ಬೈಕು ತಳ್ಳಿಕೊಂಡು ಬೆವರಿಳಿಸುತ್ತ ಬಂದ. ಬ್ಯಾಟರಿ ಹೋಗಿದೆ, ಹೊಸದು ಹಾಕಿರಿ ಎಂದ. ನಾನು ಏಳುವ ಮೊದಲೇ ಶಿವಗಂಗಾ ಮೀಟರ್ ತಗೊಂಡು ಹೊರಗೆ ಹೋಗಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಕೆಂಪು ಕಡ್ಡಿ ಯಾವ ಕಡಿಗೆ ದೊಡ್ಡವ್ವ?” ಎಂದು ಅಲ್ಲಿಂದಲೇ ಕೇಳಿದಳು.

ಹೇಳಿದೆ. ಆಮೇಲೆ, ಮೊದಲು ಸೀಟು ಎತ್ತಿ ನೋಡು ಎಂದೆ.